ಗರಡಿಯ ಪಂಚಶ್ರಮ

ದಾವಣಗೆರೆಯಲ್ಲಿ ಇಂದು ಮೈ ಬೆಳೆಸಬೇಕೆನ್ನುವವರಿಗೆ ಎರಡು ಬಗೆಯ ಮನೆಗಳುಂಟು. ಒಂದು ಗರಡಿ ಮನೆ, ಇನ್ನೊಂದು ಜಿಮ್ಮು. ಗರಡಿಯ ಬಾಗಿಲು ಗಿಡ್ಡ. ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಗೋಡೆಯಲ್ಲಿ ಆಂಜನೇಯನ ಪಟ, ನಡುವೆ ಕೆಮ್ಮಣ್ಣಿನ ಮಟ್ಟಿ, ಮೂಲೆಯಲ್ಲಿ ಗದೆ, ಗುಂಡುಕಲ್ಲು. ಜಿಮ್ಮಿನ ಬಾಗಿಲು ಗಾಜಿನದು. ಒಳಗೆ ಎತ್ತ ನೋಡಿದರೂ ಕನ್ನಡಿ; ಗೋಡೆಯ ಮೇಲೆ ತೊಗಲು ಸುಲಿದ ಮನುಷ್ಯನ ಒಂದು ಚಿತ್ರ; ಅದರ ಒಂದೊಂದು ಸ್ನಾಯುವಿಗೂ ಇಂಗ್ಲಿಷಿನಲ್ಲಿ ಒಂದೊಂದು ಹೆಸರು. ಅಲ್ಲಿ ವಾರಕ್ಕೊಂದು ಪಟ್ಟಿ ಇರುತ್ತದೆ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ತೊಡೆ. ಎದೆಯೊಂದಕ್ಕೇ ಮೂರು ನಾಲ್ಕು ಸಾಧನೆಗಳು: ಮೇಲ್ಭಾಗಕ್ಕೊಂದು, ನಡುಭಾಗಕ್ಕೊಂದು, ಕೆಳಭಾಗಕ್ಕೊಂದು. ಗರಡಿಯಲ್ಲಿ ಇಂಥ ಪಟ್ಟಿಯನ್ನು ಯಾರೂ ಬರೆದು ತೂಗುಹಾಕಿದ್ದಿಲ್ಲ.

ತರಗತಿಯಲ್ಲಿ ಗದಾಯುದ್ಧವನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳು ನನ್ನನ್ನು ಒಂದು ಪ್ರಶ್ನೆ ಕೇಳುವುದುಂಟು. ಒಂದು ಅಂಗದ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಸಾಧನೆ ಬೇಕು ಎಂಬ ಈ ಲೆಕ್ಕ ನಮ್ಮ ಹಳಬರಿಗೆ ಗೊತ್ತಿತ್ತೆ? ಇದಕ್ಕೆ ಸಿದ್ಧವಾದ ಎರಡು ಉತ್ತರಗಳಿವೆ. ಎಲ್ಲವೂ ಗೊತ್ತಿತ್ತು ಎಂಬುದು ಅಭಿಮಾನಿಗಳ ಉತ್ತರ. ಏನೂ ಗೊತ್ತಿರಲಿಲ್ಲ, ಮಣ್ಣಲ್ಲಿ ಹೊರಳಾಡುತ್ತಿದ್ದರು ಅಷ್ಟೆ ಎಂಬುದು ಕನ್ನಡಿಯ ಮುಂದೆ ನಿಂತವರ ಉತ್ತರ. ಎರಡೂ ಆತುರದ ಉತ್ತರಗಳು. ನಾನು ಕನ್ನಡದ ಅಧ್ಯಾಪಕ, ಮಲ್ಲನಲ್ಲ. ಆದರೂ ಪದಗಳನ್ನು ಹಿಡಿದು ಹೋದರೆ ಈ ಪ್ರಶ್ನೆಗೆ ಸಾಕಷ್ಟು ದೂರ ಉತ್ತರ ಸಿಗುತ್ತದೆ ಎಂದು ನನಗೆ ತೋರಿದೆ.

ಮೊದಲು ‘ಸ್ನಾಯು’ ಎಂಬ ಪದವನ್ನೇ ನೋಡೋಣ. ಇಂದು ನಾವು ಮಾಂಸಖಂಡಕ್ಕೆ ಸ್ನಾಯು ಎನ್ನುತ್ತೇವೆ. ಸುಶ್ರುತನ ಬಳಕೆ ಹಾಗಲ್ಲ. ಅವನ ಗ್ರಂಥದಲ್ಲಿ ಮಾಂಸಖಂಡಕ್ಕೆ ‘ಪೇಶಿ’ ಎಂದು ಹೆಸರು. ಸ್ನಾಯು ಎಂದರೆ ಎಲುಬು ಕೀಲುಗಳನ್ನು ಬಿಗಿದು ಕಟ್ಟುವ ನಾರು. ಪೇಶಿಗಳು ೫೦೦, ಸ್ನಾಯುಗಳು ೯೦೦ ಎಂದು ಅವನು ಎಣಿಸಿದ್ದಾನೆ. ಆ ೫೦೦ರಲ್ಲಿ ೪೦೦ ಕೈಕಾಲುಗಳಲ್ಲಿ, ೬೬ ಮುಂಡದಲ್ಲಿ, ೩೪ ಕತ್ತಿನಿಂದ ಮೇಲೆ. ಈ ಎಣಿಕೆ ಇಂದಿನ ಅಂಗರಚನಾಶಾಸ್ತ್ರಕ್ಕೆ ಹೊಂದದು. ಆದರೆ ತೋಳೆಂಬುದು ಒಂದೇ ಮುದ್ದೆಯಲ್ಲ, ಹಲವು ಪೇಶಿಗಳ ಕೂಟ ಎಂಬ ತಿಳಿವಳಿಕೆ ಅದರಲ್ಲಿ ಸ್ಪಷ್ಟವಾಗಿದೆ.

ಇನ್ನು ನಮ್ಮ ಜನದ ಮಾತು. ರಟ್ಟೆ, ಮುಂಗೈ, ಹೆಗಲು, ಪಕ್ಕೆ, ತೊಡೆ ಎಂದು ಅಂಗಗಳಿಗೆ ಕನ್ನಡದಲ್ಲಿ ಹೆಸರುಗಳು ಧಾರಾಳ. ಒಂದೊಂದೇ ಮಾಂಸಖಂಡಕ್ಕೆ ಜನ ಇಟ್ಟ ಹೆಸರು ಬಹಳ ಕಡಿಮೆ. ನನಗೆ ಥಟ್ಟನೆ ಹೊಳೆಯುವುದು ‘ಮೀನಖಂಡ’. ಮೊಣಕಾಲಿನ ಹಿಂದೆ, ಹಿಮ್ಮಡಿಯ ಮೇಲೆ, ಓಡುವಾಗ ಮೀನಿನಂತೆ ಹೊರಳುವ ಭಾಗ. ಲ್ಯಾಟಿನ್ ಭಾಷೆಯವರು ತೊಗಲ ಕೆಳಗೆ ಓಡಾಡುವ ಮಾಂಸವನ್ನು ಕಂಡು ‘ಪುಟ್ಟ ಇಲಿ’ ಎಂದರು. ಇಂಗ್ಲಿಷಿನ ‘ಮಸಲ್’ ಹುಟ್ಟಿದ್ದು ಅದರಿಂದಲೇ. ನಾವು ಹೊಳೆದಂಡೆಯ ಜನ, ನಮಗೆ ಮೀನು ಕಂಡಿತು. ಆದರೆ ಅಷ್ಟಕ್ಕೇ ನಿಂತೆವು. ಕನ್ನಡವು ಮಾಂಸವನ್ನು ಬಿಡಿಸಿ ಹೆಸರಿಡಲಿಲ್ಲ. ಮಾಂಸ ಮಾಡುವ ಕೆಲಸಕ್ಕೆ ಹೆಸರಿಟ್ಟಿತು. ಎತ್ತು, ತಳ್ಳು, ಸೆಳೆ, ಅವುಚು, ಒತ್ತು, ಬೀಸು, ಹೊಸೆ, ಹಿಂಡು: ತೋಳಿನ ಕೆಲಸಕ್ಕೆ ಇರುವ ಈ ಕ್ರಿಯಾಪದಗಳನ್ನು ಬರೆಯುತ್ತ ಹೋದರೆ ಹಾಳೆ ತುಂಬುತ್ತದೆ. ಗರಡಿಯ ವಿದ್ಯೆ ಇರುವುದು ಈ ಕ್ರಿಯಾಪದಗಳಲ್ಲಿ.

ಈ ಮಾತನ್ನು ಬೆಳೆಸುವ ಮುಂಚೆ ನಮ್ಮ ಸೀಮೆಯ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಹನ್ನೆರಡನೆಯ ಶತಮಾನದಲ್ಲಿ ಇದು ನೊಳಂಬವಾಡಿ. ಉಚ್ಚಂಗಿಯ ಪಾಂಡ್ಯರು ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿ ಇದನ್ನು ಆಳುತ್ತಿದ್ದರು. ಮುಂದೆ ಹೊಯ್ಸಳರು ಬಂದರು. ಹರಿಹರದ ಹರಿಹರೇಶ್ವರ ದೇವಾಲಯವನ್ನು ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ೧೨೨೪ರ ಸುಮಾರಿಗೆ ಕಟ್ಟಿಸಿದ. ಆಮೇಲೆ ವಿಜಯನಗರ, ಚಿತ್ರದುರ್ಗದ ನಾಯಕರು. ದುರ್ಗದ ಕೋಟೆಯೊಳಗೆ ಇಂದಿಗೂ ನೋಡುವವರಿಗೆ ಗರಡಿ ಮನೆಯೊಂದನ್ನು ತೋರಿಸುತ್ತಾರೆ. ಹೈದರಾಲಿ ದಾವಣಗೆರೆಯನ್ನು ಒಬ್ಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಅವನು ವರ್ತಕರನ್ನು ಕರೆದು ಕೂರಿಸಿದ್ದರಿಂದ ಹಳ್ಳಿ ಪೇಟೆಯಾಯಿತು. ಇಪ್ಪತ್ತನೆಯ ಶತಮಾನದ ನಡುವೆ ಹತ್ತಿಯ ಗಿರಣಿಗಳು ಎದ್ದವು. ಹರಿಹರದಲ್ಲಿ ೧೯೪೧ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ.

ಇದಕ್ಕಿಂತ ಮುಖ್ಯವಾದ ಸಂಗತಿ ಮತ್ತೊಂದು. ೧೯೫೬ರ ನವೆಂಬರ್ ೧ರವರೆಗೆ ಹರಿಹರ ಗಡಿಯ ಊರಾಗಿತ್ತು. ತುಂಗಭದ್ರೆಯ ಈಚೆ ದಡ ಮೈಸೂರಿನದು. ಆಚೆ ದಡ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು. ಹೀಗಾಗಿ ಮೈಸೂರಿನ ‘ಗರಡಿ’, ‘ಸಾಮು’, ‘ಜಟ್ಟಿ’ ಎಂಬ ಪದಗಳೂ ಮರಾಠಿ ಸೀಮೆಯ ಕಡೆಯಿಂದ ಬಂದ ‘ತಾಲೀಮು’, ‘ಅಖಾಡ’ ಎಂಬ ಪದಗಳೂ ನಮ್ಮಲ್ಲಿ ಒಟ್ಟಿಗೆ ನಡೆಯುತ್ತವೆ. ತಾಲೀಮು ಅರಬ್ಬಿ ಮೂಲದ್ದು, ‘ಕಲಿಸುವಿಕೆ’ ಎಂದು ಅರ್ಥ. ಉಸ್ತಾದ, ಪೈಲ್ವಾನ ಎಂಬುವು ಪಾರಸಿಯಿಂದ ಬಂದವು. ಮಲ್ಲ ಸಂಸ್ಕೃತ, ದಂಡ ಸಂಸ್ಕೃತ. ಆಂಜನೇಯನ ಪಟಕ್ಕೆ ಕೈಮುಗಿದು ಉಸ್ತಾದನ ಕಾಲು ಮುಟ್ಟಿ ಪೈಲ್ವಾನನು ಮಟ್ಟಿಗೆ ಇಳಿಯುವಾಗ ಈ ನಾಡಿನ ಚರಿತ್ರೆಯ ನಾಲ್ಕಾರು ಪದರಗಳು ಒಂದೇ ವಾಕ್ಯದಲ್ಲಿ ಬಂದುಬಿಡುತ್ತವೆ.

ಇನ್ನು ಗ್ರಂಥಾಧಾರಕ್ಕೆ ಬರೋಣ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಕಾಲ ೧೧೩೦ರ ಆಸುಪಾಸು. ನೂರು ಅಧ್ಯಾಯಗಳ ಈ ವಿಶ್ವಕೋಶದಲ್ಲಿ ಅಡುಗೆಯಿದೆ, ಆನೆಯಿದೆ, ಸಂಗೀತವಿದೆ. ‘ಮಲ್ಲವಿನೋದ’ವೆಂಬ ಭಾಗವೂ ಇದೆ. ಅರಮನೆಯ ಮಲ್ಲರನ್ನು ವಯಸ್ಸು, ಮೈ, ಬಲಗಳನ್ನು ನೋಡಿ ವರ್ಗ ಮಾಡುವ ಕ್ರಮ, ಅವರಿಗೆ ಅರಸನು ಕೊಡಿಸಬೇಕಾದ ಬೇಳೆ, ಮಾಂಸ, ಹಾಲು, ಸಕ್ಕರೆಗಳ ವಿಚಾರ, ಎಲ್ಲವೂ ಅಲ್ಲಿ ಬಂದಿವೆ. ಅಲ್ಲಿಯೇ ಮಲ್ಲರು ಮಾಡಬೇಕಾದ ಶ್ರಮಗಳ ಹೆಸರುಗಳೂ ಇವೆ. ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಬಾಹುಪೆಲ್ಲಣಕಶ್ರಮ, ಸ್ತಂಭಶ್ರಮ. ಭಾರ ಎತ್ತುವುದು, ತಿರುಗಾಡುವುದು, ನೀರಿನಲ್ಲಿ ಈಜುವುದು, ತೋಳಿಗೆ ತೋಳು ಒಡ್ಡಿ ತಳ್ಳುವುದು, ಕಂಬದ ಮೇಲೆ ಸಾಧನೆ ಮಾಡುವುದು. ನಾಲ್ಕನೆಯ ಪದ ನನ್ನಂಥವರಿಗೆ ಸ್ವಾರಸ್ಯದ್ದು. ಉಳಿದ ನಾಲ್ಕೂ ಅಚ್ಚ ಸಂಸ್ಕೃತವಾಗಿರುವಾಗ ನಡುವೆ ಈ ‘ಪೆಲ್ಲಣ’ ಮಾತ್ರ ಪ್ರಾಕೃತದ್ದು. ತಳ್ಳುವುದು, ಒತ್ತುವುದು ಎಂದು ಅರ್ಥ. ಅರಸನು ಪಂಡಿತರ ಕೋಶದಿಂದ ಈ ಹೆಸರನ್ನು ತಂದಿರಲಾರ. ಮಟ್ಟಿಯಲ್ಲಿ ಬೆವರು ಸುರಿಸುತ್ತಿದ್ದವರ ಬಾಯಿಂದ ಕೇಳಿ ಹಾಗೆಯೇ ಬರೆದುಕೊಂಡಿರಬೇಕು.

ಗಮನಿಸಬೇಕಾದ ಮಾತೆಂದರೆ, ಈ ಐದು ಹೆಸರುಗಳಲ್ಲಿ ತೋಳೊಂದನ್ನು ಬಿಟ್ಟರೆ ಯಾವ ಅಂಗದ ಹೆಸರೂ ಇಲ್ಲ. ವಿಭಾಗ ನಡೆದಿರುವುದು ಕೆಲಸದ ಮೇಲೆ. ಮೈಯ ಎದುರಿಗೆ ಏನು ನಿಂತಿದೆ ಎಂಬುದೇ ಈ ವರ್ಗೀಕರಣದ ಸೂತ್ರ. ಒಮ್ಮೆ ತೂಕ, ಒಮ್ಮೆ ದಾರಿ, ಒಮ್ಮೆ ನೀರು, ಒಮ್ಮೆ ಇನ್ನೊಬ್ಬನ ತೋಳು, ಒಮ್ಮೆ ಅಲುಗದ ಕಂಬ.

ಇದೇ ಸೂತ್ರ ನಾಲ್ಕು ಶತಮಾನಗಳ ತರುವಾಯ ಇದೇ ತುಂಗಭದ್ರೆಯ ಕೆಳದಂಡೆಯಲ್ಲಿ ಮತ್ತೆ ಕಾಣಿಸುತ್ತದೆ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ನಿತ್ಯದ ಸಾಧನೆಯನ್ನು ವರ್ಣಿಸಿದ್ದಾನೆ. ಅರಸನು ಬೆಳಕು ಹರಿಯುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಕೈಗಳಲ್ಲಿ ಎತ್ತುತ್ತಿದ್ದ. ಆಮೇಲೆ ಕತ್ತಿ ಹಿಡಿದು ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೊರಬರುವವರೆಗೆ ಸಾಮು ಮಾಡುತ್ತಿದ್ದ. ಬಳಿಕ ಮಲ್ಲನೊಬ್ಬನೊಡನೆ ಕುಸ್ತಿ; ಅದಾದ ಮೇಲೆ ಬಯಲಿನಲ್ಲಿ ಕುದುರೆಯ ಸವಾರಿ. ಒಂದು ಬೆಳಗಿನ ಜಾವದಲ್ಲಿ ನಾಲ್ಕು ಬಗೆಯ ಶ್ರಮ! ಬಲವೇ ಬೇಕಾಗಿದ್ದರೆ ಭಾರ ಎತ್ತುವುದೊಂದನ್ನೇ ನಾಲ್ಕು ಪಟ್ಟು ಮಾಡಬಹುದಾಗಿತ್ತು. ಹಾಗೆ ಮಾಡಲಿಲ್ಲ. ಹಂಪೆಯ ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಮಲ್ಲರ ಉಬ್ಬುಶಿಲ್ಪಗಳನ್ನು ಇಂದೂ ನೋಡಬಹುದು.

ಹಾಗಾದರೆ ಶ್ರಮಗಳನ್ನು ಹೀಗೆ ಬದಲಿಸುವುದರಿಂದ ಮೈಯೊಳಗೆ ನಿಜವಾಗಿ ಆಗುವುದೇನು? ಇದಕ್ಕೆ ಇಂದಿನ ಶಾಸ್ತ್ರ ಕೊಡುವ ಉತ್ತರ ಕುತೂಹಲದ್ದಾಗಿದೆ. ಫ್ರಾನ್ಸಿನ ವೈದ್ಯ ಡುಶೆನ್ ತೊಗಲಿನ ಮೇಲಿಂದ ವಿದ್ಯುತ್ತು ಹಾಯಿಸಿ, ಒಂದೊಂದು ಸ್ನಾಯುವೂ ಅದರ ಒಂದೊಂದು ಭಾಗವೂ ಎಲುಬನ್ನು ಎತ್ತ ಎಳೆಯುತ್ತದೆ ಎಂಬುದನ್ನು ಪರೀಕ್ಷಿಸಿ ೧೮೬೭ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಅಲ್ಲಿಂದ ಇಲ್ಲಿಯವರೆಗೆ ತಿಳಿದುಬಂದಿರುವ ಮುಖ್ಯ ನಿಯಮಗಳು ಎರಡು. ಒಂದು, ಸ್ನಾಯುವಿನ ಎಳೆಗಳು ಯಾವ ದಿಕ್ಕಿಗೆ ಹರಿದಿವೆಯೋ ಆ ದಿಕ್ಕಿನ ಕೆಲಸದಲ್ಲಿ ಅವು ಹೆಚ್ಚು ದುಡಿಯುತ್ತವೆ. ಎರಡು, ಕೆಲವು ಸ್ನಾಯುಗಳು ಒಂದು ಕೀಲನ್ನು ದಾಟುತ್ತವೆ, ಕೆಲವು ಎರಡು ಕೀಲುಗಳನ್ನು ದಾಟುತ್ತವೆ; ಎರಡು ಕೀಲು ದಾಟುವ ಸ್ನಾಯುವಿನ ದುಡಿಮೆ ಎರಡು ಕೀಲುಗಳ ಭಂಗಿಯನ್ನೂ ಅವಲಂಬಿಸಿರುತ್ತದೆ. ಹರಿಹರನ ವಿಗ್ರಹವನ್ನು ನೆನೆಯಿರಿ. ಒಂದೇ ಮೈ, ಆದರೆ ಬಲಕ್ಕೆ ಶಿವ, ಎಡಕ್ಕೆ ವಿಷ್ಣು; ಒಬ್ಬೊಬ್ಬರ ಆಯುಧ ಒಂದೊಂದು. ಹೊರಗೆ ಒಂದಾಗಿ ಕಾಣುವ ಸ್ನಾಯುವೂ ಹೀಗೆಯೇ.

ಈ ಎರಡು ನಿಯಮಗಳನ್ನು ಕೈಯಲ್ಲಿ ಹಿಡಿದು ಗರಡಿಯ ಸಾಮನ್ನು ನೋಡಬೇಕು. ಮೊದಲನೆಯದು ದಂಡ. ಅಂಗೈ ನೆಲಕ್ಕೂರಿ, ಸೊಂಟ ಮೇಲೆತ್ತಿ, ಎದೆಯನ್ನು ನೆಲಕ್ಕೆ ಸವರಿಕೊಂಡು ಮುಂದೆ ಹೋಗಿ, ಹಾವಿನಂತೆ ತಲೆಯೆತ್ತುವ ಸಾಧನೆ. ಎದೆಯ ದೊಡ್ಡ ಸ್ನಾಯು ಬೀಸಣಿಗೆಯಂತೆ ಹರಡಿದೆ. ಅದರ ಮೇಲಿನ ಎಳೆಗಳು ಕೊರಳ ಬುಡದ ಎಲುಬಿನಿಂದಲೂ ಕೆಳಗಿನವು ಎದೆಯ ನಡುವಿನ ಎಲುಬಿನಿಂದಲೂ ಹೊರಟು ತೋಳಿನಲ್ಲಿ ಒಂದೇ ಕಡೆ ಸೇರುತ್ತವೆ. ನೇರವಾಗಿ ಮೇಲೆ ಕೆಳಗೆ ಹೋದರೆ ತಳ್ಳುವ ದಿಕ್ಕು ಒಂದೇ. ದಂಡದಲ್ಲಿ ಮೈ ಕಮಾನಾಗಿ ಸಾಗುವುದರಿಂದ ತೋಳು ತಳ್ಳುವ ದಿಕ್ಕು ಗಳಿಗೆ ಗಳಿಗೆಗೂ ಬದಲಾಗುತ್ತದೆ; ಬೀಸಣಿಗೆಯ ಬೇರೆ ಬೇರೆ ಎಳೆಗಳಿಗೆ ಸರದಿಯಂತೆ ಕೆಲಸ ಬೀಳುತ್ತದೆ. ಇದರ ಮೇಲೆ ಚಕ್ರ ದಂಡ, ಸರ್ಪ ದಂಡ, ವೃಶ್ಚಿಕ ದಂಡ, ಹನುಮಾನ್ ದಂಡ ಎಂಬ ಪ್ರಭೇದಗಳು ಭಾರತದ ಅಖಾಡಗಳಲ್ಲೆಲ್ಲ ಬಳಕೆಯಲ್ಲಿವೆ. ಆಂಧ್ರದ ಪ್ರಸಿದ್ಧ ಬಲಶಾಲಿ ಕೋಡಿ ರಾಮಮೂರ್ತಿಯವರ ಹೆಸರಿನದೂ ಒಂದುಂಟು. ಹೆಸರು ಪ್ರಾಣಿಯದಾಗಲಿ ದೇವರದಾಗಲಿ, ಪ್ರಭೇದದ ಅರ್ಥ ಒಂದೇ: ದಿಕ್ಕು ಬದಲಿಸು.

ಆದರೆ ದಂಡ ಎಷ್ಟು ಹೊಡೆದರೂ ಅದು ತಳ್ಳುವ ಕೆಲಸ. ಹೆಗಲಿನ ಸ್ನಾಯುವಿಗೆ ಮುಂದೆ, ಪಕ್ಕ, ಹಿಂದೆ ಎಂದು ಮೂರು ಭಾಗಗಳಿವೆ. ದಂಡದಲ್ಲಿ ಮುಂಭಾಗ ದುಡಿಯುತ್ತದೆ. ಹಿಂಭಾಗ ಹೆಚ್ಚಿನಂಶ ಬಿಡುವಾಗಿಯೇ ಇರುತ್ತದೆ. ಬರೀ ದಂಡ ಹೊಡೆದವನ ಹೆಗಲು ಮುಂದಕ್ಕೆ ಬಾಗಿದರೆ ಆಶ್ಚರ್ಯವಿಲ್ಲ. ಗರಡಿಯಲ್ಲಿ ಇದಕ್ಕೆ ಪರಿಹಾರ ಎರಡು. ಒಂದು ಮಟ್ಟಿ ಅಗೆಯುವುದು. ಗುದ್ದಲಿ ಎತ್ತಿ ಹಾಕಿ ಮಣ್ಣನ್ನು ತನ್ನ ಕಡೆಗೆ ಎಳೆದುಕೊಳ್ಳುವ ಈ ಕೆಲಸವನ್ನು ಹೊಸಬರು ಚಾಕರಿಯೆಂದು ತಿಳಿಯುತ್ತಾರೆ. ಅದು ಬೆನ್ನಿಗೂ ಹಿಂಬದಿಯ ಹೆಗಲಿಗೂ ಆಗುವ ಅಚ್ಚುಕಟ್ಟಾದ ಸಾಧನೆ. ಇನ್ನೊಂದು ಗದೆ.

ಗದೆಯನ್ನು ತಲೆಯ ಮೇಲಿಂದ ಬೆನ್ನಿನ ಹಿಂದಕ್ಕೆ ಇಳಿಬಿಟ್ಟು ತಿರುಗಿಸಿ ಮುಂದಕ್ಕೆ ತರುತ್ತಾರೆ. ಹಿಂದೋಳಿನ ಸ್ನಾಯುವಿಗೆ ಮೂರು ತಲೆಗಳಿವೆ. ಎರಡು ತೋಳಿನ ಎಲುಬಿನಿಂದಲೇ ಹೊರಡುತ್ತವೆ. ಉದ್ದನೆಯದೊಂದು ಮಾತ್ರ ಬೆನ್ನ ಮೇಲಿನ ಹೆಗಲೆಲುಬಿನಿಂದ ಹೊರಟು ಎರಡು ಕೀಲುಗಳನ್ನು ದಾಟುತ್ತದೆ. ತೋಳು ತಲೆಯ ಮೇಲೆ ಎತ್ತಿದ್ದು ಮೊಣಕೈ ಮಡಿಸಿದ್ದಾಗಲೇ ಈ ಉದ್ದನೆಯ ತಲೆ ಪೂರ್ತಿ ಹಿಗ್ಗುವುದು. ೨೦೨೨ರಲ್ಲಿ ಪ್ರಕಟವಾದ ಜಪಾನಿನ ಒಂದು ಸಂಶೋಧನೆಯಲ್ಲಿ ಒಂದೇ ಬಗೆಯ ಸಾಧನೆಯನ್ನು ಒಂದು ತೋಳಿನಿಂದ ತಲೆಯ ಮೇಲೆ, ಇನ್ನೊಂದು ತೋಳಿನಿಂದ ಪಕ್ಕದಲ್ಲಿ ಇಟ್ಟುಕೊಂಡು ೧೨ ವಾರ ಮಾಡಿಸಿ ಅಳೆದರು. ತಲೆಯ ಮೇಲೆ ಮಾಡಿದ ತೋಳಿನ ಹಿಂಭಾಗವೇ ಹೆಚ್ಚು ಬೆಳೆದಿತ್ತು. ಉದ್ದನೆಯ ತಲೆಯ ಬೆಳವಣಿಗೆಯಂತೂ ಎದ್ದು ಕಾಣುವಂತಿತ್ತು. ಗದೆ ಬೆನ್ನ ಹಿಂದೆ ಇಳಿದಾಗ ಪೈಲ್ವಾನನ ತೋಳು ನಿಲ್ಲುವುದು ಇದೇ ಭಂಗಿಯಲ್ಲಿ.

ಇನ್ನು ಬಸ್ಕಿ. ಹಿಮ್ಮಡಿ ಎತ್ತಿ, ಪೂರ್ತಿ ಕುಕ್ಕರಿಸಿ, ಏಳುವುದು. ತೊಡೆಯ ಮುಂಭಾಗದಲ್ಲಿ ನಾಲ್ಕು ಸ್ನಾಯುಗಳಿವೆ. ಮೂರು ಮಂಡಿಯೊಂದನ್ನೇ ದಾಟುತ್ತವೆ. ನಡುವೆ ನೇರವಾಗಿ ಇಳಿಯುವ ನಾಲ್ಕನೆಯದು ಸೊಂಟದ ಕೀಲನ್ನೂ ಮಂಡಿಯನ್ನೂ ದಾಟುತ್ತದೆ. ಕೂತು ಏಳುವಾಗ ಈ ನಾಲ್ಕನೆಯದರ ಪಾಡು ವಿಚಿತ್ರ: ಮಂಡಿಯ ಕಡೆ ಎಷ್ಟು ಕುಗ್ಗಬೇಕೋ ಸೊಂಟದ ಕಡೆ ಅಷ್ಟು ಹಿಗ್ಗಬೇಕು. ಆದ್ದರಿಂದ ಅದಕ್ಕೆ ಬಸ್ಕಿಯಿಂದ ಹೆಚ್ಚಿನ ಲಾಭವಿಲ್ಲ. ೨೦೧೯ರಲ್ಲಿ ಜಪಾನಿನಲ್ಲಿಯೇ ನಡೆದ ಮತ್ತೊಂದು ಪರೀಕ್ಷೆಯಲ್ಲಿ ಭಾರ ಹೊತ್ತು ೧೦ ವಾರ ಬಸ್ಕಿ ಹೊಡೆದವರ ತೊಡೆಯ ಉಳಿದ ಸ್ನಾಯುಗಳೂ ಪಿರ್ರೆಯೂ ಬೆಳೆದವು. ಈ ನೇರ ಸ್ನಾಯುವಾಗಲಿ ತೊಡೆಯ ಹಿಂಬದಿಯಾಗಲಿ ಹೇಳಿಕೊಳ್ಳುವಷ್ಟು ಬೆಳೆಯಲಿಲ್ಲ. ಮೀನಖಂಡದ ಕಥೆಯೂ ಹೀಗೆಯೇ. ಅದರಲ್ಲಿ ಎರಡು ಪದರಗಳಿವೆ. ಹೊರಪದರ ಮಂಡಿಯನ್ನು ದಾಟುತ್ತದೆ, ಒಳಪದರ ದಾಟುವುದಿಲ್ಲ. ಮಂಡಿ ಮಡಿಸಿದ್ದಾಗ ಹೊರಪದರ ಸಡಿಲವಾಗಿ, ಭಾರವೆಲ್ಲ ಒಳಪದರದ ಪಾಲಿಗೆ ಬರುತ್ತದೆ.

ಹಾಗಾದರೆ ಬಸ್ಕಿ ಬಿಟ್ಟ ಭಾಗಗಳನ್ನು ಬೆಳೆಸುವುದು ಯಾವುದು? ಇಲ್ಲಿ ಸೋಮೇಶ್ವರನ ಪಟ್ಟಿಗೆ ಹಿಂದಿರುಗಬೇಕು. ದಾರಿ ಸವೆಸುವಾಗ, ಓಡುವಾಗ ತೊಡೆಯನ್ನು ಮುಂದಕ್ಕೆ ಎತ್ತುವುದರಲ್ಲಿ ಆ ನೇರ ಸ್ನಾಯುವಿಗೆ ಪಾಲುಂಟು. ಕಾಲನ್ನು ಹಿಂದಕ್ಕೆ ಸೆಳೆಯುವುದರಲ್ಲಿ ತೊಡೆಯ ಹಿಂಬದಿಗೆ ಕೆಲಸವುಂಟು. ನೀಳವಾದ ಕಾಲಿನಿಂದ ನೆಲವನ್ನು ಒದೆಯುವಾಗ ಮೀನಖಂಡದ ಹೊರಪದರ ದುಡಿಯುತ್ತದೆ. ಇದು ಭ್ರಮಣಶ್ರಮ. ಹರಿಹರದ ಹೊಳೆಯಲ್ಲಿ ಸೆಳವಿಗೆ ಎದುರಾಗಿ ಈಜುವವನು ಸೊಂಟದಿಂದ ಕಾಲು ಬಡಿಯುತ್ತಾನೆ, ತೋಳಿನಿಂದ ನೀರನ್ನು ಹಿಂದಕ್ಕೆ ಸೆಳೆಯುತ್ತಾನೆ. ಇದು ಸಲಿಲಶ್ರಮ. ಕಂಬ ಏರುವವನು ತೊಡೆಗಳ ಒಳಬದಿಯಿಂದ ಅವುಚುತ್ತಾನೆ, ಬೆನ್ನಿನ ಅಗಲ ಸ್ನಾಯುವಿನಿಂದ ಮೈಯನ್ನು ಮೇಲಕ್ಕೆಳೆದುಕೊಳ್ಳುತ್ತಾನೆ. ಇದು ಸ್ತಂಭಶ್ರಮ, ಇಂದಿನ ಮಲ್ಲಕಂಬಕ್ಕೆ ಸಿಗುವ ಹಳೆಯ ಗ್ರಂಥಾಧಾರ ಇದೇ. ಐದು ಶ್ರಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಒಂದು ಬಿಟ್ಟುಕೊಟ್ಟ ಭಾಗವನ್ನು ಮತ್ತೊಂದು ಹಿಡಿದುಕೊಳ್ಳುವುದು ಕಾಣುತ್ತದೆ. ಯಾವ ಒಂದನ್ನು ತೆಗೆದುಹಾಕಿದರೂ ಮೈಯಲ್ಲಿ ಎಲ್ಲೋ ಒಂದು ಕಡೆ ಹುಳುಕು ಉಳಿಯುತ್ತದೆ.

ಇಷ್ಟರಿಂದ ಹಳಬರಿಗೆ ಎರಡು ಕೀಲಿನ ಸ್ನಾಯುವಿನ ಸಿದ್ಧಾಂತ ತಿಳಿದಿತ್ತೆಂದು ನಾನು ಹೇಳುವುದಿಲ್ಲ. ಮಾನಸೋಲ್ಲಾಸದಲ್ಲಿ ಹೆಸರುಗಳಿವೆ, ಕಾರಣಗಳಿಲ್ಲ. ಅವರು ಹೆಣವನ್ನು ಬಿಡಿಸಿ ನೋಡಿ ಈ ಕ್ರಮವನ್ನು ಕಂಡುಕೊಂಡವರಲ್ಲ. ಸೋತ ಮಲ್ಲನನ್ನು ನೋಡಿ ಕಂಡುಕೊಂಡವರು. ಯಾವನು ಎಲ್ಲಿ ಜಾರಿದ, ಯಾವ ಪಟ್ಟಿನಲ್ಲಿ ಕೈ ಸೋತಿತು, ಯಾವ ಸಾಧನೆ ಮಾಡಿದವನು ಮುಂದಿನ ಜಾತ್ರೆಯಲ್ಲಿ ಎದ್ದು ನಿಂತ ಎಂದು ತಲೆಮಾರುಗಳ ಕಾಲ ನೋಡುತ್ತ ಹೋದರೆ ಇಂಥ ಪಟ್ಟಿ ತಾನಾಗಿ ಮೂಡುತ್ತದೆ. ಅವರಿಗೆ ಫಲ ಗೊತ್ತಿತ್ತು. ಕಾರಣವನ್ನು ಈಗಿನವರು ಹೇಳುತ್ತಿದ್ದಾರೆ. ಎರಡೂ ಜ್ಞಾನವೇ.

ಗರಡಿಯ ಕೊರತೆಗಳನ್ನೂ ಮುಚ್ಚಿಡಬೇಕಾಗಿಲ್ಲ. ಸಾವಿರಗಟ್ಟಲೆ ಬಸ್ಕಿ ಹೊಡೆದೆನೆಂಬ ಜಂಬಕ್ಕೆ ಮಂಡಿಗಳು ತೆತ್ತ ಬೆಲೆ ಕಡಿಮೆಯಲ್ಲ. ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡಬೇಕೆಂದು ಸುಶ್ರುತನೂ ವಾಗ್ಭಟನೂ ವಿಧಿಸಿದ್ದಾರೆ. ಆ ಮಾತನ್ನು ಕೇಳಿದ ಪೈಲ್ವಾನರು ಎಷ್ಟು ಮಂದಿಯೋ! ಉಸ್ತಾದರು ವಿದ್ಯೆಯನ್ನು ಬರೆದಿಡಲಿಲ್ಲ. ಕೆಲವನ್ನು ಶಿಷ್ಯರಿಂದಲೂ ಮರೆಮಾಡಿದರು. ಹೆಂಗಸರಿಗೆ ಬಾಗಿಲು ಮುಚ್ಚಿತ್ತು. ವಿಜಯನಗರದ ಅರಮನೆಯಲ್ಲಿ ಕುಸ್ತಿ ಆಡುವ ಹೆಂಗಸರೂ ಇದ್ದರೆಂದು ಪೋರ್ಚುಗೀಸ ವರ್ತಕ ನೂನಿಜ್ ಬರೆದಿರುವುದನ್ನು ನೋಡಿದರೆ, ಈ ಬಾಗಿಲು ಮೊದಲಿನಿಂದಲೂ ಎಲ್ಲೆಡೆಯೂ ಮುಚ್ಚಿತ್ತೆಂದು ಹೇಳುವಂತಿಲ್ಲ.

ಅಂಗವಿಭಾಗದ ಹೊಸ ಲೆಕ್ಕ ಕನ್ನಡ ನಾಡಿಗೆ ಬಂದದ್ದು ಹೇಗೆಂಬುದನ್ನೂ ಹೇಳಬೇಕು. ಯೂರೋಪಿನ ಪ್ರಖ್ಯಾತ ಅಂಗಸಾಧಕ ಯೂಜೀನ್ ಸ್ಯಾಂಡೊ ೧೯೦೪–೦೫ರಲ್ಲಿ ಭಾರತದಲ್ಲಿ ಸಂಚರಿಸಿ ಪ್ರದರ್ಶನಗಳನ್ನು ಕೊಟ್ಟ. ಆ ಗಾಳಿ ಬೀಸಿದ ಮೇಲೆ ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರ ಹರ್ಕ್ಯುಲಿಸ್ ವ್ಯಾಯಾಮಶಾಲೆ ಹೆಸರಾಯಿತು. ೧೯೩೦ರಲ್ಲಿ ಅವರು ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಹೊರತಂದರು. ಕನ್ನಡ ಓದುಗರಿಗೆ ಇವರು ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳ ಕರ್ತೃವಾಗಿ ಪರಿಚಿತರು. ಪಶ್ಚಿಮದ ಭಾರಸಾಧನೆಯನ್ನು ಕಲಿತರೂ ಅವರು ನಮ್ಮ ದಂಡ, ಬಸ್ಕಿ, ಸೂರ್ಯನಮಸ್ಕಾರಗಳನ್ನು ಕೈಬಿಡಲಿಲ್ಲ. ಸೂರ್ಯನಮಸ್ಕಾರದ ಮೇಲೆ ಪ್ರತ್ಯೇಕ ಪುಸ್ತಕವನ್ನೇ ಬರೆದರು. ಅಯ್ಯರ್ ಅವರಲ್ಲಿ ಹಳತು ಹೊಸತು ಒಂದೇ ಸೂರಿನಡಿ ಇದ್ದವು. ನನ್ನ ಮಟ್ಟಿಗೆ ವಿಷಾದವೆಂದರೆ, ಕಾದಂಬರಿಗೆ ಅಷ್ಟು ಸೊಗಸಾದ ಕನ್ನಡವನ್ನು ಕೊಟ್ಟ ಆ ಕೈ ಸ್ನಾಯುಶಾಸ್ತ್ರದ ಪುಸ್ತಕವನ್ನು ಇಂಗ್ಲಿಷಿನಲ್ಲಿ ಬರೆಯಿತು. ಅಂಗಸಾಧನೆಯ ಹೊಸ ವಿದ್ಯೆಗೆ ಕನ್ನಡದ ಮಾತು ದೊರೆಯುವ ಒಂದು ಸುಸಂದರ್ಭ ಹಾಗೆ ಹೊರಟುಹೋಯಿತು.

ಅದರ ಫಲವನ್ನು ಇಂದು ಕಾಣುತ್ತೇವೆ. ನನ್ನ ವಿದ್ಯಾರ್ಥಿಗಳಿಗೆ ‘ಟ್ರೈಸೆಪ್ಸ್’ ಗೊತ್ತು, ರಟ್ಟೆ ಎಂದರೆ ಯಾವ ಭಾಗವೆಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮೀನಖಂಡವೆಂಬ ಪದವನ್ನು ಮೊದಲು ಕೇಳಿದಾಗ ಅವರು ಮೀನು ಮಾರುಕಟ್ಟೆಯನ್ನು ನೆನೆದರು. ಕನ್ನಡಿಯಲ್ಲಿ ಕಾಣುವ ಎದೆ, ಮುಂದೋಳುಗಳಿಗೆ ವಾರದಲ್ಲಿ ನಾಲ್ಕು ದಿನ; ಕನ್ನಡಿಯಲ್ಲಿ ಕಾಣದ ಬೆನ್ನು, ಹಿಂದೊಡೆಗಳಿಗೆ ಬಿಡುವು ಸಿಕ್ಕರೆ ಒಂದು ದಿನ. ಭಾಗಗಳ ಲೆಕ್ಕ ಅವರಿಗೆ ಚೆನ್ನಾಗಿ ಬರುತ್ತದೆ, ಕೂಡಿಸುವ ಲೆಕ್ಕ ಬಾರದು. ಗರಡಿಯಲ್ಲಿ ಕನ್ನಡಿ ಇರಲಿಲ್ಲ, ಎದುರಾಳಿ ಇದ್ದ. ಬೆನ್ನು ದುರ್ಬಲವಾಗಿದೆಯೆಂದು ಅವನು ಮೊದಲ ಪಟ್ಟಿನಲ್ಲಿಯೇ ತಿಳಿಸಿಕೊಡುತ್ತಿದ್ದ.

ದಾವಣಗೆರೆಯಲ್ಲಿ ಕುಸ್ತಿ ಸತ್ತಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ದುರ್ಗಾಂಬಿಕೆಯ ಜಾತ್ರೆಯಲ್ಲಿ ಬಯಲು ಕುಸ್ತಿಗೆ ಇಂದಿಗೂ ಜನ ಕಿಕ್ಕಿರಿಯುತ್ತಾರೆ. ಊರಿನ ಕ್ರೀಡಾ ವಸತಿನಿಲಯದಲ್ಲಿ ಹುಡುಗರು ಮ್ಯಾಟಿನ ಮೇಲೆ ಪಳಗುತ್ತಿದ್ದಾರೆ. ಆದರೆ ಸಾಮು ಬಲ್ಲ ಹಿರಿಯರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ, ಅವರೊಂದಿಗೆ ಅವರ ಪದಗಳೂ ಹೋಗುತ್ತಿವೆ. ಹಳೆಯ ಪೇಟೆಯ ಉಸ್ತಾದರೊಬ್ಬರ ಬಳಿ ನಾನು ಕೆಲವು ಸಂಜೆ ಕುಳಿತು ದಂಡಗಳ ಹೆಸರುಗಳನ್ನು ಬರೆದುಕೊಳ್ಳಲು ಹೋಗಿದ್ದೆ. ಮೇಷ್ಟ್ರೇ, ಹೆಸರು ಬರೆದರೆ ಏನು ಬಂತು, ಹೊಡೆದು ತೋರಿಸುವ ಮೊಣಕಾಲು ನನಗೀಗ ಇಲ್ಲ ಎಂದು ಅವರು ನಕ್ಕರು. ಆದರೂ ಕುಳಿತಲ್ಲಿಯೇ ಕೈಯಾಡಿಸುತ್ತ, ಯಾವುದರಲ್ಲಿ ಹೆಗಲು ಎಲ್ಲಿ ಬಿಗಿಯುತ್ತದೆ ಎಂದು ತಮ್ಮ ಬೆರಳಿನಿಂದ ನನ್ನ ಹೆಗಲ ಮೇಲೆಯೇ ಮುಟ್ಟಿ ತೋರಿಸಿದರು. ಮುಂದೆ ಹಿಂದೆ ಪಕ್ಕ ಎಂಬ ಮೂರು ಭಾಗಗಳೂ ಆ ಬೆರಳಿಗೆ ಬೇರೆ ಬೇರೆಯಾಗಿಯೇ ಗೊತ್ತಿದ್ದವು. ಅವುಗಳಿಗೆ ಹೆಸರು ಮಾತ್ರ ಇರಲಿಲ್ಲ.

ಈಗ ಆಗಬೇಕಾದ ಕೆಲಸ ದೊಡ್ಡದೇನೂ ಅಲ್ಲ. ದಾವಣಗೆರೆ, ಹರಿಹರ, ಹೊಳೆಯಾಚೆಯ ರಾಣೆಬೆನ್ನೂರು, ಈ ಮೂರು ಕಡೆಯ ಗರಡಿಗಳಲ್ಲಿ ಉಳಿದಿರುವ ಹಿರಿಯರಿಂದ ಸಾಮುಗಳ ಹೆಸರು, ಕ್ರಮ, ಫಲಗಳನ್ನು ಕೇಳಿ ಬರೆದುಕೊಳ್ಳಬೇಕು. ವ್ಯಾಯಾಮ ಶಿಕ್ಷಕರೊಬ್ಬರು, ವೈದ್ಯರೊಬ್ಬರು, ಕನ್ನಡದವರೊಬ್ಬರು ಜೊತೆಯಾದರೆ ಒಂದು ಬೇಸಗೆಯ ರಜೆಯಲ್ಲಿ ಮುಗಿಯುವ ಕೆಲಸ. ವೈದ್ಯರು ಸ್ನಾಯುವನ್ನು ಗುರುತಿಸಲಿ, ಶಿಕ್ಷಕರು ಮಂಡಿಗೆ ಆಗಬಹುದಾದ ಕೆಡುಕನ್ನು ತಿದ್ದಲಿ, ನಾವು ಪದವನ್ನು ಕಾಪಾಡೋಣ. ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದ ಅರಸನೊಬ್ಬ ತನ್ನ ಮಲ್ಲರ ಬಾಯಿಂದ ‘ಪೆಲ್ಲಣ’ವೆಂಬ ಮಾತನ್ನು ಕೇಳಿ ಬರೆದಿಟ್ಟಿದ್ದರಿಂದ ಆ ಶ್ರಮ ಇದ್ದಿತೆಂದು ಇಂದು ನಮಗೆ ತಿಳಿದಿದೆ. ಅರಸನಿಗೆ ಇದ್ದ ಆ ಕಿವಿ ಅಧ್ಯಾಪಕರಿಗೂ ಇರಬೇಕಾದದ್ದು ನ್ಯಾಯ.